ಓಲ್ಡ್ ಟೌನು, ಕೂಡ್ಲಿ, ಗೆರೆ, ವಳ್ಳಿ

ಭದ್ರಾವತಿಯ ಆಟೋದವರಿಗೆ ‘ಹಳೇನಗರ’ ಎಂದರೂ ತಿಳಿಯುತ್ತದೆ. ಪತ್ರಿಕೆಯಲ್ಲಿ, ಪೊಲೀಸ್ ಠಾಣೆಯ ಹೆಸರಿನಲ್ಲಿ ಅದೇ ಇದೆ. ಆದರೆ ಬಾಯಿಗೆ ಬರುವುದು ಓಲ್ಡ್ ಟೌನು. “ಓಲ್ಡ್ ಟೌನಿಗ್ ಬರ್ತೀಯೇನಪ್ಪಾ?” ಎಂದು ಸೊಪ್ಪಿನ ಚೀಲ ಹಿಡಿದು ಕೇಳುವ ಅಜ್ಜಿಗೆ ಅದು ಬೇರೆ ಭಾಷೆಯ ಮಾತು ಅನ್ನಿಸುವುದೇ ಇಲ್ಲ. ಓಲ್ಡ್ ಟೌನಿನಲ್ಲಿ, ಓಲ್ಡ್ ಟೌನಿಂದ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ಹಚ್ಚಿಕೊಂಡು ಓಡಾಡುವ ಈ ಹೆಸರನ್ನು ನಾನಂತೂ ಕನ್ನಡದ ಊರಹೆಸರು ಎಂದೇ ಎಣಿಸುತ್ತೇನೆ.

ಊರೊಂದು ತನ್ನಷ್ಟಕ್ಕೆ ಹಳತಾಗುವುದಿಲ್ಲ, ಪಕ್ಕದಲ್ಲಿ ಹೊಸತು ಹುಟ್ಟಬೇಕು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿರುವ ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ವಂಕಿಪುರ ಎನ್ನುವವರೂ ಇದ್ದಾರೆ. 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುಮಾಡಿತು, 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕಾರ್ಖಾನೆಯ ಜನರಿಗಾಗಿ ಬೆಳೆದದ್ದು ನ್ಯೂಟೌನ್ ಆಯಿತು. ಅದುವರೆಗೆ ಬರೀ ಊರಾಗಿದ್ದದ್ದು ಓಲ್ಡ್ ಟೌನ್ ಆಯಿತು. ಕುಲುಮೆ ಬಂದ ಜಾಗಕ್ಕೆ ಬೆಂಕಿಪುರ ಎಷ್ಟು ಒಪ್ಪುತ್ತಿತ್ತು! ಉಳಿದದ್ದು ಭದ್ರಾ ಹೊಳೆಯ ಹೆಸರು.

ಆ ಹೊಳೆ ಮುಂದೆ ತುಂಗೆಯನ್ನು ಸೇರುವ ಜಾಗ ಕೂಡ್ಲಿ. ಕೂಡುವ ಜಾಗ, ಅದಕ್ಕೇ ಆ ಹೆಸರು. ಕೃಷ್ಣೆ ಮಲಪ್ರಭೆ ಸೇರುವಲ್ಲಿ ಕೂಡಲಸಂಗಮ. ತುಳುವರು ಮಂಗಳೂರನ್ನು ಕುಡ್ಲ ಎನ್ನುತ್ತಾರೆ. ನೇತ್ರಾವತಿ, ಗುರುಪುರ ಹೊಳೆಗಳು ಅಲ್ಲಿ ಜೊತೆಯಾಗುತ್ತವೆ. ಗೇಲಿಕ್ ಮಾತಾಡುತ್ತಿದ್ದ ಸ್ಕಾಟ್ಲೆಂಡಿನಲ್ಲೂ ‘ಇನ್ವರ್’ ಎಂದು ಶುರುವಾಗುವ ಊರುಗಳು ಬಹಳ. ಇನ್ವರ್ ಎಂದರೆ ಹೊಳೆಯ ಬಾಯಿ. ನೆಸ್ ಹೊಳೆ ಕಡಲು ಮುಟ್ಟುವಲ್ಲಿ ಇನ್ವರ್ನೆಸ್. ಐರ್ಲೆಂಡಿನ ಡಬ್ಲಿನ್ ಅಂತೂ ‘ದುವ್ ಲಿನ್’, ಕರಿಮಡು. ಇಂಗ್ಲಿಷ್ ಕಾಗುಣಿತದೊಳಗೆ ಆ ಮಡು ಕಾಣಿಸುವುದಿಲ್ಲ.

ನಮ್ಮಲ್ಲೂ ಇದೇ ಸಂಕಟ. ಇಂಗ್ಲಿಷಿನಲ್ಲಿ ಬರೆದ ಕೂಡ್ಲಿಯನ್ನು ಹೊರಗಿನವರು ಕುಡ್ಲಿ ಎಂದು ಓದಿದರೆ ತಪ್ಪು ಅವರದ್ದಲ್ಲ. ದೀರ್ಘ ತೋರಿಸಲು ಅಲ್ಲಿ ಗೊತ್ತಾದ ಒಂದೇ ಕ್ರಮವಿಲ್ಲ. ಭದ್ರಾವತಿಯ ‘ತಿ’ಗೆ ಒಬ್ಬರು ಬರೀ ಟಿ ಹಾಕುತ್ತಾರೆ, ಇನ್ನೊಬ್ಬರು ಟಿ ಜೊತೆ ಎಚ್ ಸೇರಿಸುತ್ತಾರೆ. ಹಳ್ಳಿಯ ‘ಳ್ಳ’ ಎಲ್ಲಿಯೂ ಉಳಿಯುವುದಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ತಿದ್ದಿದಾಗ ಶಿಮೋಗ ಹೋಗಿ ಶಿವಮೊಗ್ಗ ಬಂತು. ಶಿವಮುಖ, ಸಿಹಿಮೊಗೆ ಎಂಬ ಎರಡು ಕಥೆಗಳಲ್ಲಿ ಶಿವನಿಗೆ ಜಾಗ ಸಿಕ್ಕಿತು, ಸಿಹಿ ಹಿಂದೆ ಸರಿಯಿತು. ತಿದ್ದಿದ್ದು ಒಳ್ಳೆಯದೇ. ಆದರೆ ಹಳ್ಳಿಗಳ ಹೆಸರಿನ ಕಡೆ ಯಾರೂ ಅಷ್ಟು ಆಸ್ಥೆಯಿಂದ ನೋಡಲಿಲ್ಲ.

ನೋಡಬೇಕಾದದ್ದು ಅಲ್ಲಿಯೇ. ಕೂಡ್ಲಿಗೆರೆ, ಅಬ್ಬಲಗೆರೆಗಳಲ್ಲಿ ಕೆರೆ ‘ಗೆರೆ’ಯಾಗಿದೆ, ತರೀಕೆರೆ, ಅರಕೆರೆಗಳಲ್ಲಿ ಕೆರೆಯಾಗಿಯೇ ನಿಂತಿದೆ. ಲಕ್ಕವಳ್ಳಿಯ ‘ವಳ್ಳಿ’ಯಲ್ಲಿ ಹಳಗನ್ನಡದ ಪಳ್ಳಿ ಇದೆ, ಪಕಾರ ವಕಾರವಾಗಿ ಮೆತ್ತಗಾದದ್ದು. ಹಳ್ಳಿ ಎಂದು ಅದನ್ನು ತಿದ್ದಿದರೆ ನೂರಾರು ವರ್ಷದ ಉಚ್ಚಾರಣೆ ಅಳಿಸಿದಂತೆ. ಸಿಂಹಧಾಮದ ತ್ಯಾವರೆಕೊಪ್ಪವನ್ನು ‘ಶುದ್ಧ’ ಮಾಡಿ ತಾವರೆಕೊಪ್ಪ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿಯವರ ಬಾಯಲ್ಲಿ ಅರಳಿದ್ದು ತ್ಯಾವರೆ.

ಕಂದಾಯ ದಾಖಲೆಯಲ್ಲಿ ‘ಬೇಚರಾಕ್’ ಗ್ರಾಮ ಎಂಬುದೊಂದಿದೆ. ದೀಪವಿಲ್ಲದ್ದು ಎಂಬ ಫಾರಸಿ ಮಾತು, ಮನೆಯಿಲ್ಲದ ಊರಿಗೆ ಹೇಳುವುದು. ಅಂಥ ಊರು ಬದುಕಿರುವುದು ಪಹಣಿಯ ಅಕ್ಷರದಲ್ಲಿ ಮಾತ್ರ. ಬರೆದವರು ಒಂದು ಒತ್ತು ಬಿಟ್ಟರೆ ತಿದ್ದಿ ಹೇಳಲು ಊರಿನವರಿಲ್ಲ. ಅಲ್ಲಿ ದನ ಮೇಯಿಸಿದ ಹಿರಿಯರು ಪಕ್ಕದ ಹಳ್ಳಿಯಲ್ಲಿ ಇನ್ನೂ ಇದ್ದಾರೆ. ಪಂಚಾಯಿತಿಯವರು ಅವರನ್ನು ಕೂರಿಸಿಕೊಂಡು, ಅವರು ಹೇಳಿದ ಹಾಗೆಯೇ, ಮೊದಲು ಕನ್ನಡದಲ್ಲಿ ಬರೆದಿಡಲಿ. ಇಂಗ್ಲಿಷ್ ಫಲಕಕ್ಕೆ ಆಮೇಲೆ ಬಣ್ಣ ಹಚ್ಚಬಹುದು.