ನಡುಹಗಲಿನ ಪಿಶಾಚಿ: ಈಜಿಪ್ಟಿನ ಮರುಭೂಮಿ ಸನ್ಯಾಸಿಗಳು ಕಂಡ ಮನಸ್ಸಿನ ಅಲೆದಾಟ

ಆದಿ ಕ್ರೈಸ್ತರ ಮರುಭೂಮಿ ತಪಸ್ಸಿನ ಬಗ್ಗೆ ಈಚೆಗೆ ಬರುತ್ತಿರುವ ಜನಪ್ರಿಯ ಪುಸ್ತಕಗಳಲ್ಲಿ ಒಂದು ರೂಢಿಯ ಧಾಟಿಯಿದೆ. ಊರಿನ ಗದ್ದಲಕ್ಕೆ ರೋಸಿಹೋದವರು ಮರಳುಗಾಡಿಗೆ ನಡೆದರು, ಅಲ್ಲಿ ಮೌನ ಸಿಕ್ಕಿತು, ಮೌನದಲ್ಲಿ ನೆಮ್ಮದಿ ಸಿಕ್ಕಿತು, ನಮಗೂ ಸಿಕ್ಕೀತು. ಆ ಕಾಲದ ಆಕರಗಳು ಇಷ್ಟು ಸಲೀಸಾದ ಕಥೆಯನ್ನು ಹೇಳುವುದಿಲ್ಲ. ಸನ್ಯಾಸಿಗಳ ಮಾತುಗಳನ್ನು ಹೆಸರಿನ ಅಕಾರಾದಿಯಲ್ಲಿ ಜೋಡಿಸಿದ ಗ್ರೀಕ್ ಸಂಕಲನದ ಮೊಟ್ಟಮೊದಲ ಪ್ರಸಂಗದಲ್ಲಿಯೇ ಸಂತ ಅಂತೋನಿ ಮರುಭೂಮಿಯಲ್ಲಿ ಕೂತು ಬೇಸರದಿಂದ ಒದ್ದಾಡುತ್ತಾನೆ. ಈ ಬೇಸರಕ್ಕೆ ಅವರು ಇಟ್ಟ ಹೆಸರು ಅಕೇಡಿಯಾ. ಮರುಭೂಮಿ ಪರಂಪರೆಯಲ್ಲಿ ಇಂದಿನವರಿಗೆ ಒದಗುವುದು ಯಾವುದೆಂದು ಕೇಳಿದರೆ, ಅದರ ಮೌನಕ್ಕಿಂತ ಈ ಬೇಸರದ ವಿಚಾರವನ್ನೇ ನಾನು ಮುಂದಿಡುತ್ತೇನೆ.

ಮೊದಲಿಗೆ ಸ್ಥಳ. ಅಲೆಕ್ಸಾಂಡ್ರಿಯಾದ ದಕ್ಷಿಣಕ್ಕೆ, ನೈಲ್ ಮುಖಜ ಭೂಮಿಯ ಅಂಚಿನಲ್ಲಿದ್ದ ನಿಟ್ರಿಯಾದಲ್ಲಿ ಸುಮಾರು 330ರಲ್ಲಿ ಅಮೌನ್ ಎಂಬಾತ ನೆಲೆ ನಿಂತ. ಶತಮಾನದ ಕೊನೆಗೆ ಅಲ್ಲಿ 5000 ಸನ್ಯಾಸಿಗಳಿದ್ದರೆಂದು ಅಲ್ಲಿ ಇದ್ದುಬಂದ ಪಲ್ಲಾಡಿಯಸ್ ಬರೆಯುತ್ತಾನೆ. ಲೆಕ್ಕ ಉಬ್ಬಿರಬಹುದು, ಆದರೆ ಅವನು ಕೊಡುವ ವಿವರಗಳು ಕಣ್ಣಾರೆ ಕಂಡವನವು: ಏಳು ರೊಟ್ಟಿಭಟ್ಟಿಗಳು, ವೈದ್ಯರು, ಮಿಠಾಯಿ ಮಾಡುವವರು, ದ್ರಾಕ್ಷಾರಸದ ಮಾರಾಟ, ಅತಿಥಿಗೃಹ. ಬಂದ ಅತಿಥಿ ಒಂದು ವಾರ ಸುಮ್ಮನೆ ಕೂರಬಹುದು. ಆಮೇಲೆ ತೋಟದಲ್ಲೋ ಅಡುಗೆಮನೆಯಲ್ಲೋ ಕೈಜೋಡಿಸಬೇಕು. ಗಣ್ಯನಾದರೆ ಕೈಗೆ ಪುಸ್ತಕ. ಚರ್ಚಿನ ಬಳಿಯ ಮೂರು ಈಚಲು ಮರಗಳಿಗೆ ಮೂರು ಚಾಟಿ ನೇತುಹಾಕಿದ್ದರು: ತಪ್ಪು ಮಾಡಿದ ಸನ್ಯಾಸಿಗೊಂದು, ಕಳ್ಳರಿಗೊಂದು, ದಾರಿಹೋಕರಿಗೊಂದು. ನಿರ್ಜನ ಅರಣ್ಯವಾಸದ ಕಲ್ಪನೆಗೂ ಈ ಜನನಿಬಿಡ ನೆಲೆಗೂ ಬಹಳ ದೂರ.

ಇಲ್ಲಿ ಸಂದಣಿ ಹೆಚ್ಚಾದಾಗ ಅಮೌನ್ ಹಾಗೂ ಅಂತೋನಿ ಹೊಸ ಜಾಗ ಹುಡುಕಿದರಂತೆ. ಮಧ್ಯಾಹ್ನ ಮೂರರ ಊಟ ಮುಗಿಸಿ ಹೊರಟು ಸೂರ್ಯ ಮುಳುಗುವ ತನಕ ನಡೆದು, ನಿಂತಲ್ಲಿ ಶಿಲುಬೆ ನೆಟ್ಟರು. ಎರಡೂ ಕಡೆಯವರು ಉಂಡು ಹೊರಟರೆ ಕತ್ತಲಾಗುವ ಮೊದಲು ಭೇಟಿಯಾಗಿಬಿಡಬಹುದು ಎಂಬುದು ಲೆಕ್ಕಾಚಾರ. ಹೀಗೆ 338ರ ಸುಮಾರಿಗೆ ಕೆಲ್ಲಿಯಾ ಹುಟ್ಟಿತು. ಒಂದರ ಸದ್ದು ಇನ್ನೊಂದಕ್ಕೆ ಕೇಳದಷ್ಟು ಅಂತರದಲ್ಲಿ ಕುಟೀರಗಳು. ಶನಿವಾರ, ಭಾನುವಾರ ಮಾತ್ರ ಎಲ್ಲರೂ ಸೇರುವುದು.

ಅಕೇಡಿಯಾವನ್ನು ವಿವರವಾಗಿ ಚಿತ್ರಿಸಿದ ಎವಾಗ್ರಿಯಸ್ ಬಂದದ್ದು ಈ ಕೆಲ್ಲಿಯಾಕ್ಕೆ. ಕಪ್ಪು ಸಮುದ್ರದ ದಕ್ಷಿಣ ತೀರದ ಪಾಂಟಸ್ ಪ್ರಾಂತದವನು, ನಾಜಿಯಾಂಜಸ್‌ನ ಗ್ರೆಗರಿಯ ಶಿಷ್ಯ, 381ರ ಮಹಾಸಭೆಯ ಕಾಲಕ್ಕೆ ಕಾನ್‌ಸ್ಟಾಂಟಿನೋಪಲಿನಲ್ಲಿ ಹೆಸರಾಗಿದ್ದ ಡೀಕನ್. ವಿವಾಹಿತೆಯೊಬ್ಬಳ ಮೋಹಕ್ಕೆ ಸಿಕ್ಕಿ, ಹೆದರಿ ಜೆರುಸಲೇಮಿಗೆ ಓಡಿದ. ಅಲ್ಲಿ ಕಾಯಿಲೆ ಬಿದ್ದಾಗ ಮಠ ನಡೆಸುತ್ತಿದ್ದ ಮೆಲಾನಿಯಾ ಅವನ ಬಾಯಿ ಬಿಡಿಸಿ, ಈಜಿಪ್ಟಿನ ದಾರಿ ಹಿಡಿಸಿದಳು. ನಿಟ್ರಿಯಾದಲ್ಲಿ ಎರಡು ವರ್ಷ ಕಳೆದು, 399ರಲ್ಲಿ ಸಾಯುವ ತನಕ ಕೆಲ್ಲಿಯಾದಲ್ಲಿ ಹಸ್ತಪ್ರತಿ ನಕಲು ಮಾಡಿ ಹೊಟ್ಟೆ ಹೊರೆದ.

ಅವನು ‘ಪ್ರಾಕ್ಟಿಕೋಸ್’ ಎಂಬ ಪುಟ್ಟ ಕೃತಿಯಲ್ಲಿ ಮನಸ್ಸನ್ನು ಕಾಡುವ ಆಲೋಚನೆಗಳನ್ನು ಎಂಟಾಗಿ ವಿಂಗಡಿಸಿದ: ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಅಕೇಡಿಯಾ, ಕೀರ್ತಿಯ ಹಂಬಲ, ಅಹಂಕಾರ. ಎಂಟರಲ್ಲಿ ಅತಿ ಭಾರವಾದದ್ದು ಅಕೇಡಿಯಾ. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಹಾವಳಿ. ಕೀರ್ತನೆಗಳ ಗ್ರಂಥದಿಂದ ಎತ್ತಿಕೊಂಡು ನಡುಹಗಲಿನ ಪಿಶಾಚಿ ಎಂದು ಅದನ್ನು ಕರೆದರು. ಹೊತ್ತು ಜರುಗುವುದೇ ಇಲ್ಲ, ಹಗಲಿಗೆ 50 ಗಂಟೆ ಎನಿಸುತ್ತದೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ, ಯಾರಾದರೂ ಬರುತ್ತಾರಾ ಎಂದು ಇಣುಕುತ್ತಾನೆ. ಇರುವ ಜಾಗ ಬೇಡ, ಮಾಡುವ ಕೆಲಸ ಬೇಡ, ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲ. ಬೇರೆಡೆ ಹೋದರೆ ಇದಕ್ಕಿಂತ ಸುಲಭದ ಕಸುಬು ಸಿಕ್ಕೀತು ಎನಿಸುತ್ತದೆ. ಇನ್ನೊಂದು ಕೃತಿಯಲ್ಲಿ ಅವನು ಓದಲು ಕೂತವನನ್ನು ತೋರಿಸುತ್ತಾನೆ: ಆಕಳಿಸಿ, ಕಣ್ಣುಜ್ಜಿ, ಗೋಡೆ ನೋಡಿ, ಇನ್ನೆಷ್ಟು ಹಾಳೆ ಉಳಿದಿವೆ ಎಂದು ಎಣಿಸಿ, ಕೊನೆಗೆ ಪುಸ್ತಕವನ್ನು ಮಡಚಿ ತಲೆದಿಂಬು ಮಾಡಿಕೊಳ್ಳುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ತೆಗೆದು ನೋಡುವ ಯಾರಿಗೂ ಇದಕ್ಕೆ ಟಿಪ್ಪಣಿ ಬೇಕಾಗದು.

ಇದನ್ನು ಇಂದಿನ ಖಿನ್ನತೆಯೊಂದಿಗೆ ಸಮೀಕರಿಸುವವರಿದ್ದಾರೆ. ಅದು ಆತುರ. ದುಃಖಕ್ಕೂ ಅಕೇಡಿಯಾಕ್ಕೂ ಎವಾಗ್ರಿಯಸ್ ಬೇರೆ ಬೇರೆ ಸ್ಥಾನ ಕೊಟ್ಟಿದ್ದ. ಎರಡನ್ನೂ ಬೆರೆಸಿದ್ದು ಆಮೇಲಿನ ಪಶ್ಚಿಮದವರು: ಸನ್ಯಾಸಿ ಕ್ಯಾಸಿಯನ್ ಎಂಟರ ಪಟ್ಟಿಯನ್ನು ಮಾರ್ಸೇಗೆ ಒಯ್ದ, ಆರನೆಯ ಶತಮಾನದ ಕೊನೆಗೆ ಪೋಪ್ ಮಹಾ ಗ್ರೆಗರಿ ಅದನ್ನು ತಿದ್ದುವಾಗ ಅಕೇಡಿಯಾ ದುಃಖದೊಳಗೆ ಸೇರಿಹೋಯಿತು. ಮಧ್ಯಯುಗ ಕಳೆಯುವ ಹೊತ್ತಿಗೆ ಸಪ್ತ ಪಾಪಗಳ ಪಟ್ಟಿಯಲ್ಲಿ ಉಳಿದದ್ದು ಸೋಮಾರಿತನ. ಎವಾಗ್ರಿಯಸ್ ಚಿತ್ರಿಸಿದವನು ಸೋಮಾರಿಯಲ್ಲ. ಅವನು ಚಡಪಡಿಸುತ್ತಾನೆ, ರೋಗಿಗಳನ್ನು ನೋಡಿಬರಬೇಕೆಂಬ ಸತ್ಕಾರ್ಯದ ನೆವ ಹುಡುಕಿಯಾದರೂ ಎದ್ದು ಹೊರಡುತ್ತಾನೆ.

ಮೂಲ ವಿವರಣೆ ಮಸುಕಾಗಲು ರಾಜಕೀಯವೂ ಕಾರಣ. ಎವಾಗ್ರಿಯಸ್ ಸತ್ತ ಮರುವರ್ಷವೇ ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್, ವಿವಾದಿತ ದೇವಶಾಸ್ತ್ರಜ್ಞ ಆರಿಜೆನನ ಅನುಯಾಯಿಗಳೆಂದು ಎವಾಗ್ರಿಯಸ್‌ನ ಗೆಳೆಯರನ್ನು ಮರುಭೂಮಿಯಿಂದ ಓಡಿಸಿದ. ಆರನೆಯ ಶತಮಾನದಲ್ಲಿ ಎವಾಗ್ರಿಯಸ್‌ನ ತತ್ತ್ವಚಿಂತನೆ ಖಂಡನೆಗೆ ಒಳಗಾಯಿತು. ಗ್ರೀಕಿನಲ್ಲಿ ಕೆಲವು ಕೃತಿಗಳು ನೀಲಸ್ ಎಂಬ ಬೇರೊಬ್ಬನ ಹೆಸರಲ್ಲಿ ಬದುಕಿದವು. ಹಲವು ಸಿರಿಯಾಕ್, ಅರ್ಮೇನಿಯನ್ ಭಾಷಾಂತರಗಳಲ್ಲಿ ಉಳಿದವು. ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಿಯೋಮೋ 1958ರಲ್ಲಿ ಸಿರಿಯಾಕ್ ಪಠ್ಯವೊಂದನ್ನು ಸಂಪಾದಿಸಿದರು. 1964ರಲ್ಲಿ ಕೆಲ್ಲಿಯಾದ ನೆಲೆಯನ್ನೇ ಗುರುತಿಸಿದರು. ಮುಂದೆ ನಡೆದ ಉತ್ಖನನಗಳಲ್ಲಿ ಅಂಗಳ, ಅಡುಗೆಮನೆ, ಬಾವಿಗಳಿದ್ದ ಮಣ್ಣಿಟ್ಟಿಗೆಯ ಮನೆಗಳು ಸಿಕ್ಕವು. ಬಹುಪಾಲು ಎವಾಗ್ರಿಯಸ್‌ಗಿಂತ ಈಚಿನವು.

ಪರಿಹಾರವೇನು? ಆ ಹೊತ್ತಿನಲ್ಲಿ ಕುಟೀರ ಬಿಟ್ಟು ಏಳಕೂಡದು, ಅಷ್ಟೇ. ಕೈಗೆ ಹಗ್ಗ ಹೊಸೆಯುವ, ಬುಟ್ಟಿ ಹೆಣೆಯುವ ಕೆಲಸ ಇರಬೇಕು. ಅಂತೋನಿಗೆ ದೇವದೂತ ತೋರಿಸಿದ್ದೂ ಇದನ್ನೇ: ಕೂತು ಹಗ್ಗ ಹೊಸೆ, ಎದ್ದು ಪ್ರಾರ್ಥಿಸು, ಮತ್ತೆ ಕೂರು. ಮನಸ್ಸಿಗೆ ಬಂದದ್ದನ್ನು ಹಿರಿಯರೊಬ್ಬರ ಮುಂದೆ ಮುಚ್ಚಿಡದೆ ಹೇಳಬೇಕು. ಸಿಂಕ್ಲೆಟಿಕಾಳಂಥ ಹಿರಿಯ ತಾಯಂದಿರ ಬಳಿಯೂ ಹೀಗೆ ಹೇಳಿಕೊಂಡು ಬರುವವರಿದ್ದರು.

ವಾರಾಂತ್ಯದ ಮೌನ ಶಿಬಿರಗಳು ಮಾರುವುದು ಇದರ ತೀರಾ ಸಣ್ಣ ತುಣುಕನ್ನು. ಜಾಗ ಬದಲಿಸಿದರೆ ಮನಸ್ಸು ಸರಿಹೋದೀತು ಎಂಬ ಭರವಸೆಯನ್ನೇ ಎವಾಗ್ರಿಯಸ್ ರೋಗದ ಲಕ್ಷಣಗಳಲ್ಲಿ ಎಣಿಸಿದ್ದ.