ಹಲಗಲಿಯಿಂದ ಲೈಸೆನ್ಸ್‌ವರೆಗೆ: ಬಂದೂಕು ಯಾರದು? (ಭಾಗ 3)

ಎಲೆಕ್ಷನ್ ಬಂತಂದ್ರ ನಮ್ಮ ಖಾನಾಪುರ ಕಡೆ ಕಾಡಂಚಿನ ರೈತರು, ಹಂದಿ ಓಡಿಸಾಕ ಇಟ್ಕೊಂಡ ಲೈಸೆನ್ಸ್ ಬಂದೂಕನ್ನ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತಗೊಂಡು ಬರ್ತಾರ. ನೋಡೀರೇನು? "ನಮ್ಮ ಬಂದೂಕು ನಾವ್ಯಾಕ ಕೊಡಬೇಕು?" ಅನ್ನೋ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಓದಿದ ‘ಹಲಗಲಿ ಬೇಡರು’ ಲಾವಣಿ ನೆನಪೈತಲ್ಲ? 1857ರ ದಂಗೆಗೆ ಹೆದರಿದ ಕಂಪನಿ ಸರ್ಕಾರ, ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಕೋಬಾರದು ಅಂತ ಕಾನೂನು ತಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದ್ರ ಬೇಟೆ, ಹೊಟ್ಟೆ, ಮಾನ ಎಲ್ಲಾ. ಕೊಡಲ್ಲ ಅಂದ್ರು. ನವೆಂಬರ್ ಕೊನೆಗೆ ಇಂಗ್ಲಿಷರ ಪಡೆ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಗೆ ಗಲ್ಲು.

ಮುಂದಿನ ವರ್ಷ ನರಗುಂದದ ಬಾಬಾಸಾಹೇಬರು ದಂಗೆ ಎದ್ದರು. ದತ್ತಕ ಒಪ್ಪದಿದ್ದದ್ದು ಒಂದು ಕಾರಣ, ತೋಪುಗಳನ್ನ ಒಪ್ಪಿಸು ಅಂದದ್ದು ಇನ್ನೊಂದು. 1858 ಜೂನ್ 12ರಂದು ಅವರನ್ನ ಗಲ್ಲಿಗೇರಿಸಿದ್ದು ನಮ್ಮ ಬೆಳಗಾವಿಯಲ್ಲೇ.

ಈಗ ಮಜಾ ನೋಡ್ರಿ. ಆಯುಧ ಕಿತ್ಕೊಂಡ ಇಂಗ್ಲಿಷರೇ 1860ರ ದಂಡ ಸಂಹಿತೆಯಲ್ಲಿ, ಕಲಂ 96ರಿಂದ 106ರವರೆಗೆ, ಆತ್ಮರಕ್ಷಣೆಯ ಹಕ್ಕು ಬರೆದರು! 1878ರ ಆಯುಧ ಕಾಯ್ದೆಯಲ್ಲಿ ಮಾತ್ರ ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ.

ದೇಶ ಒಡೀತು, ಪುಸ್ತಕ ಒಡೀಲಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ ಎರಡರಲ್ಲೂ ಆತ್ಮರಕ್ಷಣೆಗೆ ಇವತ್ತಿಗೂ ಅದೇ 96–106. ನಮ್ಮಲ್ಲಿ 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34–44 ಆಗೈತಿ. ಷರತ್ತು ಮೂರೂ ಕಡೆ ಒಂದೇ: ಬೇಕಾದ್ದಕ್ಕಿಂತ ಹೆಚ್ಚು ಹೊಡೀಬಾರದು, ಸರ್ಕಾರದ ರಕ್ಷಣೆ ಪಡೆಯೋಕೆ ಟೈಮ್ ಇದ್ರೆ ಹಕ್ಕೇ ಇಲ್ಲ.

ಬಂದೂಕಿನ ಕಾನೂನು ಮಾತ್ರ ಬೇರೆ ಬೇರೆ. ಬಾಂಗ್ಲಾದಲ್ಲಿ 1878ರದ್ದೇ, ಪಾಕಿಸ್ತಾನದಲ್ಲಿ 1965ರ ಸುಗ್ರೀವಾಜ್ಞೆ, ನಮ್ಮದು 1959ರ ಕಾಯ್ದೆ. ನಮ್ಮ ರಾಜ್ಯದೊಳಗೇ ಕೊಡವರಿಗೆ ಲೈಸೆನ್ಸ್ ವಿನಾಯಿತಿ ಐತಿ. 2021ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು.

ಅಂದ್ರ ಜೀವ ಉಳಿಸ್ಕೊಳ್ಳೋದು ಹಕ್ಕು, ಬಂದೂಕು ಬರೀ ಪರವಾನಗಿ. ಎಲ್ಲರ ಕೈಗೂ ಬಂದೂಕು ಬರಲಿ ಅಂತ ನಾನು ಹೇಳ್ತಿಲ್ಲ, ಲೈಸೆನ್ಸ್ ಬೇಕೇ ಬೇಕು. ಆದ್ರ ಈ ಕಾನೂನು ಹುಟ್ಟಿದ್ದು ಜನರನ್ನ ಕಾಯೋಕಲ್ಲ, ಜನರಿಗೆ ಹೆದರಿ. ಈಗ ಅದು ಜನರನ್ನ ಕಾಯ್ತೈತಿ ಅಂತ ಸಾಬೀತು ಮಾಡೋ ಜವಾಬ್ದಾರಿ ಸರ್ಕಾರದ್ದು. ಬಂದೂಕು ಒಪ್ಪಿಸಿ ಬಂದ ರೈತನ ಹೊಲಕ್ಕ ರಾತ್ರಿ ಹಂದಿ ಹಿಂಡು ನುಗ್ಗಿದ್ರ, ಯಾರು ಬರ್ತಾರ?

ನಿಮ್ಮೂರಾಗ ಹೆಂಗೈತಿ? ಕಮೆಂಟ್‌ನಾಗ ಬರೀರಿ.

#ನಮ್ಮಬೆಳಗಾವಿ #ಖಾನಾಪುರ #ಹಲಗಲಿ