ರೇಷ್ಮೆಯ ಗುಟ್ಟು, ರಾಜರ ಕಾವಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಮುಚ್ಚುಮರೆಯೆಂಬುದಿಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ರೈತರು ತಂದ ಗೂಡು ಹತ್ತು ಜನರ ಎದುರಿನಲ್ಲೇ ಹರಾಜಾಗುತ್ತದೆ. ನೂಲು ಬಿಚ್ಚುವವರು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ, ಅದುಮಿ ನೋಡಿ ಬೆಲೆ ಕಟ್ಟುತ್ತಾರೆ. ಹಿಪ್ಪುನೇರಳೆ ಸೊಪ್ಪನ್ನು ಎಷ್ಟು ಹೊತ್ತಿಗೆ ಹಾಕಬೇಕು, ಹುಳು ಜ್ವರಕ್ಕೆ ಕುಳಿತಾಗ ಏನು ಮಾಡಬೇಕು ಎಂಬುದು ಈ ಸೀಮೆಯ ಮಕ್ಕಳಿಗೂ ತಿಳಿದ ಮಾತು. ಇದೇ ವಿದ್ಯೆಯನ್ನು ಒಂದು ಕಾಲಕ್ಕೆ ಸಾಮ್ರಾಜ್ಯಗಳು ಬೊಕ್ಕಸದಂತೆ ಕಾಯುತ್ತಿದ್ದವು, ಅದನ್ನು ಕದಿಯಲು ಪರದೇಶದವರು ವೇಷ ಮರೆಸಿಕೊಂಡು ಬರುತ್ತಿದ್ದರು ಎಂದರೆ ಅವರಿಗೆ ನಗು ಬಂದೀತು.

ಇಂದು ಸರಕಾರಗಳು ರಾಕೆಟ್ಟಿನ ಎಂಜಿನನ್ನೂ ವಿದ್ಯುನ್ಮಾನದ ನಕ್ಷೆಗಳನ್ನೂ ಹೊರಗಿನವರ ಕಣ್ಣಿನಿಂದ ಕಾಯುತ್ತಿವೆ. ಈ ಬಗೆಯ ಕಾವಲು ಹೊಸದೇನೂ ಅಲ್ಲ. ಅದರ ಬಹು ಹಳೆಯ ಕಥೆ ರೇಷ್ಮೆಹುಳುವಿನದೇ.

ಏಳನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದು ಹೋದ ಹ್ಯುಯೆನ್ ತ್ಸಾಂಗ್ ಮಧ್ಯ ಏಷ್ಯದ ಖೋತಾನಿನಲ್ಲಿ ಕೇಳಿದ ಕಥೆಯೊಂದನ್ನು ಬರೆದಿಟ್ಟಿದ್ದಾನೆ. ಹಿಪ್ಪುನೇರಳೆಯ ಬೀಜವಾಗಲಿ ಹುಳುವಿನ ಮೊಟ್ಟೆಯಾಗಲಿ ಗಡಿ ದಾಟಕೂಡದೆಂದು ಪೂರ್ವದ ರಾಜ್ಯದಲ್ಲಿ ಕಟ್ಟಪ್ಪಣೆಯಿತ್ತು. ಖೋತಾನಿನ ದೊರೆ ಆ ರಾಜ್ಯದ ಕುಮಾರಿಯನ್ನು ವರಿಸಿ, ನಮ್ಮಲ್ಲಿ ರೇಷ್ಮೆಯಿಲ್ಲ, ಬೇಕಾದರೆ ನೀನೇ ತರಬೇಕೆಂದು ಹೇಳಿಕಳಿಸಿದ. ಗಡಿಯ ಕಾವಲಿನವರು ದಿಬ್ಬಣವನ್ನೆಲ್ಲ ಶೋಧಿಸಿದರು. ವಧುವಿನ ಶಿರೋಭೂಷಣವನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಮೊಟ್ಟೆಗಳಿದ್ದುದು ಅಲ್ಲಿಯೇ. ಕಥೆ ನಿಜವೋ ಸುಳ್ಳೋ, ಆ ಸೀಮೆಯ ಜನ ಅದನ್ನು ಮರೆಯಲಿಲ್ಲ. ಆರೆಲ್ ಸ್ಟೈನ್ ದಂಡಾನ್ ಉಯಿಲಿಕ್ ಎಂಬ ಹಾಳೂರಿನಲ್ಲಿ ಕಂಡ ಮರದ ಹಲಗೆಯ ಮೇಲೆ ಈ ರಾಜಕುಮಾರಿಯ ಚಿತ್ರವಿದೆಯೆಂದು ವಿದ್ವಾಂಸರ ಮತ. ಹಲಗೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಎರಡನೆಯ ಕಥೆ ಕಾನ್‌ಸ್ಟಾಂಟಿನೋಪಲ್ಲಿನದು. ಕ್ರಿ.ಶ. 552ರ ಸುಮಾರಿಗೆ ಭಾರತದ ಕಡೆಯಿಂದ ಬಂದ ಕೆಲವು ಸನ್ಯಾಸಿಗಳು ಚಕ್ರವರ್ತಿ ಜಸ್ಟಿನಿಯನ್ನನ ಬಳಿ, ಹುಳುವನ್ನು ಜೀವಂತವಾಗಿ ತರಲಾಗದು, ಮೊಟ್ಟೆಯನ್ನು ತರಬಹುದು ಎಂದರಂತೆ. ಹಾಗೆಯೇ ತಂದು, ಗೊಬ್ಬರದ ಕಾವಿನಲ್ಲಿಟ್ಟು ಮರಿ ಮಾಡಿಸಿದರೆಂದು ಪ್ರೊಕೋಪಿಯಸ್ ಬರೆಯುತ್ತಾನೆ. ಕದ್ದ ಗುಟ್ಟು ಕೈಸೇರಿದ್ದೇ ತಡ, ಚಕ್ರವರ್ತಿ ರೇಷ್ಮೆಯನ್ನು ಅರಮನೆಯ ಸ್ವತ್ತಾಗಿ ಮಾಡಿಕೊಂಡ! ಮುಂದೆ 1147ರಲ್ಲಿ ಸಿಸಿಲಿಯ ದೊರೆ ರೋಜರ್ ಗ್ರೀಸಿನ ಥೀಬ್ಸ್, ಕೊರಿಂಥ್ ಪಟ್ಟಣಗಳನ್ನು ಕೊಳ್ಳೆಹೊಡೆದಾಗ ಚಿನ್ನದೊಡನೆ ನೇಕಾರರನ್ನೂ ಹಿಡಿದು ಪಲೆರ್ಮೋಗೆ ಒಯ್ದ. ಮೊಟ್ಟೆಯೊಂದೇ ಸಾಲದು, ಕೈ ಪಳಗಿದವನು ಬೇಕು ಎಂಬುದು ಅವನಿಗೆ ತಿಳಿದಿತ್ತು.

ಇಟಲಿಯ ಬೊಲೋನ್ಯಾ ನಗರದವರು ನೀರಿನ ಬಲದಿಂದ ರೇಷ್ಮೆಯೆಳೆಯನ್ನು ಹುರಿಗೊಳಿಸುವ ಯಂತ್ರವನ್ನು ಕಟ್ಟಿ, ಅದರ ಗುಟ್ಟನ್ನು ಹೊರಗೆ ಒಯ್ದವನಿಗೆ ಮರಣದಂಡನೆ ಎಂದು ಸಾರಿದರು. ಸೋಜಿಗವೆಂದರೆ, 1607ರಲ್ಲಿ ಪಡುವಾದಲ್ಲಿ ಅಚ್ಚಾದ ವಿಟ್ಟೋರಿಯೋ ಜೋಂಕಾನ ಪುಸ್ತಕದಲ್ಲಿ ಅಂಥ ಯಂತ್ರದ ಚಿತ್ರ ಬಹಿರಂಗವಾಗಿಯೇ ಇತ್ತು. ಆದರೂ ಇಂಗ್ಲೆಂಡಿನವರಿಗೆ ಅದನ್ನು ಸರಿಯಾಗಿ ಕಟ್ಟಿ ನಡೆಸಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಜಾನ್ ಲೋಂಬ್ ಎಂಬ ತರುಣ ಇಟಲಿಗೆ ಹೋಗಿ, ಗಿರಣಿಯವರನ್ನು ಒಲಿಸಿಕೊಂಡು, ಕದ್ದುಮುಚ್ಚಿ ನಕ್ಷೆ ಬರೆದು, ಕೆಲಸಗಾರರನ್ನೂ ಜೊತೆಗೆ ಕರೆತಂದನೆಂದು ವಿಲಿಯಂ ಹಟ್ಟನ್ ಬರೆದಿದ್ದಾನೆ. ಅವನ ಅಣ್ಣ ಥಾಮಸ್ ಲೋಂಬ್ 1718ರಲ್ಲಿ ಪೇಟೆಂಟ್ ಪಡೆದ. ಡರ್ಬಿಯಲ್ಲಿ ಗಿರಣಿ ಎದ್ದಿತು. 1722ರಲ್ಲಿ ಜಾನ್ ತೀರಿಕೊಂಡಾಗ, ಇಟಲಿಯವರು ವಿಷವಿಕ್ಕಿಸಿದರೆಂಬ ಸುದ್ದಿ ಹುಟ್ಟಿತು. ಪೇಟೆಂಟಿನ ಅವಧಿ ಮುಗಿದಾಗ ಪಾರ್ಲಿಮೆಂಟು ಅದನ್ನು ಮುಂದುವರಿಸದೆ ಥಾಮಸನಿಗೆ 14,000 ಪೌಂಡು ಬಹುಮಾನ ಕೊಟ್ಟಿತು.

ಪರರ ಗುಟ್ಟಿಗೆ ಬಹುಮಾನ ಕೊಟ್ಟ ಅದೇ ಪಾರ್ಲಿಮೆಂಟು 1719ರಲ್ಲಿ ತನ್ನ ಕುಶಲಕರ್ಮಿಗಳನ್ನು ಪುಸಲಾಯಿಸಿ ಹೊರನಾಡಿಗೆ ಒಯ್ಯುವವರಿಗೆ ದಂಡ, ಸೆರೆ ಎಂದು ಶಾಸನ ಮಾಡಿತ್ತು. ಎಚ್ಚರಿಕೆ ಕೊಟ್ಟ ಆರು ತಿಂಗಳಲ್ಲಿ ಮರಳಿ ಬಾರದ ಕೆಲಸಗಾರ ಪಿತ್ರಾರ್ಜಿತದ ಹಕ್ಕನ್ನೂ ಕಳೆದುಕೊಂಡು ಪರಕೀಯನಾಗುತ್ತಿದ್ದ. ಫಲವೇನಾಯಿತು? 1789ರಲ್ಲಿ ಅದೇ ಡರ್ಬಿ ಸೀಮೆಯ ಹತ್ತಿಗಿರಣಿಯಲ್ಲಿ ಪಳಗಿದ ಸಾಮ್ಯುಯೆಲ್ ಸ್ಲೇಟರ್ ಯಂತ್ರದ ಮರ್ಮವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅಮೆರಿಕದ ಹಡಗು ಹತ್ತಿದ. ಕಾಗದವನ್ನು ಶೋಧಿಸಬಹುದು, ತಲೆಯನ್ನು ಶೋಧಿಸುವುದೆಂತು? ಕುಶಲಕರ್ಮಿಗಳ ಮೇಲಿನ ತಡೆ 1824ರಲ್ಲಿ, ಯಂತ್ರಗಳ ಮೇಲಿನದು 1843ರಲ್ಲಿ ರದ್ದಾಯಿತು.

ಹೀಗೆ ದೇಶ ದೇಶ ಅಲೆದ ಹುಳು ನಮ್ಮ ಮೈಸೂರು ಸೀಮೆಗೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಬಂಗಾಳಕ್ಕೆ ಕಳಿಸಿದ್ದ ತನ್ನವರು ಹುಳುಗಳೊಡನೆ ಮರಳುತ್ತಿದ್ದಾರೆ, ಅವನ್ನು ಸಾಕಲು ಎಂಥ ಜಾಗ ತಕ್ಕದ್ದೆಂದು ಅವರನ್ನೇ ಕೇಳಿ ಏರ್ಪಾಡು ಮಾಡು ಎಂದು 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ. ಸಾಕಣೆಗೆಂದು ಗೊತ್ತುಮಾಡಿದ ಕೇಂದ್ರಗಳು 21. ಮಸ್ಕತ್ತಿನಿಂದಲೂ ಹುಳುವನ್ನೂ ಸಾಕಬಲ್ಲ ಜನರನ್ನೂ ತರಿಸಲು ಅವನು ಯತ್ನಿಸಿದ. ಇಲ್ಲಿಯೂ ಕೇಳಿದ್ದು ಹುಳುವೊಂದನ್ನೇ ಅಲ್ಲ, ಬಲ್ಲವರನ್ನು ಕೂಡ.

ಮುಂದಿನದು ಬಚ್ಚಿಟ್ಟ ವಿದ್ಯೆಯಲ್ಲ, ಹಂಚಿಕೊಂಡ ವಿದ್ಯೆ. ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ತೋಟದಲ್ಲಿ ಜಪಾನಿನವರು ಕಲಿಸಿದರು. 1991ರಿಂದ 2007ರವರೆಗೆ ಜಪಾನೀ ತಜ್ಞರು ನಮ್ಮ ರೇಷ್ಮೆ ವಿಜ್ಞಾನಿಗಳೊಡನೆ ದುಡಿದರು. ಸಿಎಸ್‌ಆರ್ 2, ಸಿಎಸ್‌ಆರ್ 4 ಎಂಬ ದ್ವಿತಳಿಗಳು ಮೈಸೂರಿನ ಸಂಶೋಧನಾ ಸಂಸ್ಥೆಯಿಂದಲೇ ಹೊರಬಂದವು. ಗುಟ್ಟು ಕಾಯುತ್ತಿದ್ದ ಚೀನಾ ಇಂದು ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳನ್ನು ನಮಗೆ ಮಾರುತ್ತಿದೆ!

ಹಾಗಾದರೆ ಕಾವಲೇ ಬೇಡವೆ? ಬೇಡವೆನ್ನಲಾಗದು. ಹೊರಗಿನವರು ನಮ್ಮ ಜೀವತಳಿಗಳನ್ನು ಪಡೆಯಬೇಕಾದರೆ ಅನುಮತಿ ಬೇಕೆಂದು 2002ರ ಜೀವವೈವಿಧ್ಯ ಕಾಯಿದೆ ವಿಧಿಸುತ್ತದೆ; ನಮ್ಮ ಮೈಸೂರು ತಳಿಯಂಥ ಆಸ್ತಿಗೆ ಅದು ನ್ಯಾಯವಾದ ಬೇಲಿ. ಆದರೆ ಬೇಲಿಯೊಳಗಿರುವುದು ಮೊಟ್ಟೆ ಮಾತ್ರ. ಹಣ್ಣಾದ ಹುಳುವನ್ನು ಹೊತ್ತರಿತು ಚಂದ್ರಿಕೆಗೆ ಬಿಡುವ ಕಣ್ಣು, ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವ ಬೆರಳು ಇವುಗಳಿಗೆ ಯಾವ ಕಾಯಿದೆಯೂ ಬೇಲಿ ಹಾಕಲಾರದು. ಬೊಲೋನ್ಯಾ ನೇಣಿನ ಭಯ ತೋರಿತು, ಇಂಗ್ಲೆಂಡು ಪಿತ್ರಾರ್ಜಿತ ಕಿತ್ತುಕೊಂಡಿತು. ಎರಡೂ ಕಡೆ ವಿದ್ಯೆ ಹೊರಟೇಹೋಯಿತು. ನಮ್ಮಲ್ಲಿ ಅದನ್ನು ಕದಿಯಲು ಯಾರೂ ಬರಬೇಕಾಗಿಲ್ಲ. ಗೂಡಿಗೆ ತಕ್ಕ ಬೆಲೆಯೂ ಬಿಚ್ಚಿದ ಕೈಗೆ ತಕ್ಕ ಕೂಲಿಯೂ ಸಿಕ್ಕದೆ ರೈತನ ಮಗ ಬೆಂಗಳೂರಿನ ಬಸ್ಸು ಹತ್ತಿದರೆ, ಇನ್ನೂರು ವರ್ಷಗಳ ವಿದ್ಯೆ ಅವನೊಡನೆ ಹೊರಡುತ್ತದೆ. ಸರಕಾರದ ಕಾವಲು ಮೊದಲು ನಿಲ್ಲಬೇಕಾದದ್ದು ಆ ಬಸ್ ನಿಲ್ದಾಣದ ಕಡೆ ಮುಖಮಾಡಿ.